ಸಿಪಾಯಿಯ ಡೈರಿಯಲ್ಲಿದ್ದ ಅಡುಗೆಯವನು

ನನ್ನ ಮಗಳು ಹೊರಗೆ ಯಾರ್‍ಯಾರ ಹತ್ತಿರ ಏನೇನು ಹೇಳಿಕೊಂಡು ಬರುತ್ತಾಳೋ ನನಗೆ ಗೊತ್ತಿಲ್ಲ. ಆದರೆ ಪಕ್ಕದ ಮನೆಯ ಅಜ್ಜಿಯ ಹತ್ತಿರ ಹೇಳಿದ್ದು ಮಾತ್ರ ಒಂದು ಬೆಳಿಗ್ಗೆ ನಮ್ಮ ಬಾಗಿಲಿನ ಅಂಚೆಕಿಂಡಿಯಿಂದ ಒಳಗೆ ಬಂದು ಬಿತ್ತು. ಎರಡು ಹಾಳೆ. ಒಂದು, ಯಾವುದೋ ಹಳೆಯ ಇಂಗ್ಲಿಷ್ ಕೈಬರಹದ ಪ್ರಿಂಟು. ಇನ್ನೊಂದರಲ್ಲಿ ಅಜ್ಜಿಯ ದುಂಡನೆಯ ಡಚ್ ಅಕ್ಷರ: "ನಿಮಗೆ ಡಾಕ್ಟರುಗಳ ಅಕ್ಷರ ಓದಲು ಬರುತ್ತದಂತೆ, ನಿಮ್ಮ ಮಗಳು ಹೇಳಿದಳು. ಕೆಂಪು ಗೆರೆ ಎಳೆದಿರುವ ಪದ ಯಾವುದು?"

ಅದು ಕೊರೋನಾದ ಮೊದಲ ಮಾರ್ಚ್. ನಾವಿದ್ದದ್ದು ಡಚ್ಚರ ದೇಶದ ಟಿಲ್‌ಬರ್ಗ್ ಎಂಬ ಊರಿನ ಒಂದು ಹಳೇ ಕಟ್ಟಡದ ಮೂರನೇ ಅಂತಸ್ತಿನಲ್ಲಿ. ಆ ಅಂತಸ್ತಿನ ಎಲ್ಲ ಬಾಗಿಲುಗಳೂ ಒಂದೇ ಉದ್ದನೆಯ ತೆರೆದ ಮೊಗಸಾಲೆಗೆ ತೆರೆಯುತ್ತಿದ್ದವು. ನಮ್ಮವರು ಗೋದಾಮುಗಳಿಗೆ ಸಾಫ್ಟ್‌ವೇರ್ ಮಾಡುವ ಕಂಪನಿಯಲ್ಲಿದ್ದರು. ಆ ತಿಂಗಳಿಂದ ಮಲಗುವ ಕೋಣೆಯೇ ಅವರ ಆಫೀಸಾಯಿತು. ಒಂಬತ್ತು ವರ್ಷದ ಮಗಳಿಗೆ ಊಟದ ಮೇಜೇ ಶಾಲೆ. ನನಗೆ ಮಾತ್ರ ಹೆಚ್ಚೇನೂ ಬದಲಾಗಲಿಲ್ಲ, ಯಾಕೆಂದರೆ ಈ ದೇಶಕ್ಕೆ ಬಂದಾಗಿನಿಂದ ನಾನು ಮನೆಯಲ್ಲೇ ಇದ್ದವಳು.

ದಾವಣಗೆರೆಯಲ್ಲಿ ಹಾಗಿರಲಿಲ್ಲ. ಡಿ.ಫಾರ್ಮ್ ಮುಗಿಸಿ ಹನ್ನೊಂದು ವರ್ಷ ಅಬ್ಬಾನ ಮೆಡಿಕಲ್ ಶಾಪಿನ ಕೌಂಟರಿನಲ್ಲಿ ನಿಂತವಳು ನಾನು. ನಮ್ಮ ಬೀದಿಯಲ್ಲಿ ಮೂವರು ಡಾಕ್ಟರುಗಳಿದ್ದರು, ಮೂವರ ಅಕ್ಷರವೂ ಮೂರು ಥರದ ಕಾಗೆ ಕಾಲು. ಬೇರೆ ಅಂಗಡಿಯವರು ಓದಲಾಗದೆ ವಾಪಸ್ ಕಳಿಸಿದ ಚೀಟಿಗಳು ನಮ್ಮಲ್ಲಿಗೆ ಬರುತ್ತಿದ್ದವು. ಮೊದಲ ಅಕ್ಷರ, ಕೊನೆಯ ಅಕ್ಷರ, ರೋಗಿಯ ಮುಖ, ಈ ಮೂರು ಸಾಕು ಅನ್ನುತ್ತಿದ್ದರು ಅಬ್ಬಾ. ನನ್ನ ಸರ್ಟಿಫಿಕೇಟು ಇಲ್ಲಿ ನಡೆಯಬೇಕಾದರೆ ಮೊದಲು ಡಚ್ ಪರೀಕ್ಷೆ ಪಾಸಾಗಬೇಕಿತ್ತು. ಅದಕ್ಕೆ ಹೋಗುತ್ತಿದ್ದ ಕ್ಲಾಸೂ ಆ ಮಾರ್ಚಿನಲ್ಲಿ ಬಂದಾಯಿತು.

ಹಾಳೆಯನ್ನು ಕಿಟಕಿಯ ಬೆಳಕಿಗೆ ಹಿಡಿದೆ. ಒಂದು ಕ್ಯೂ, ಅದರ ಹಿಂದೆ ಎರಡು ಉಬ್ಬು, ಆಮೇಲೆ ಅಲೆಯ ಹಾಗೆ ಒಂದು ಗೀಟು. ಹಿಂದಿನ ಸಾಲಿನಲ್ಲಿ ಚಳಿ, ನಡುಕ, ದಿನ ಬಿಟ್ಟು ದಿನ ಜ್ವರ ಎಂದಿತ್ತು. ದಿನ ಬಿಟ್ಟು ದಿನ ಬರುವ ಚಳಿಜ್ವರಕ್ಕೆ ಕ್ಯೂನಿಂದ ಶುರುವಾಗುವ ಔಷಧ ಇನ್ನೇನಿದ್ದೀತು? "ಕ್ವಿನೈನ್" ಎಂದು ಅದೇ ಹಾಳೆಯ ಮೇಲೆ ಬರೆದು, ಮೊಗಸಾಲೆಗೆ ಹೋಗಿ ಅಜ್ಜಿಯ ಅಂಚೆಕಿಂಡಿಗೆ ತೂರಿಸಿ ಬಂದೆ. ಐದು ನಿಮಿಷವೂ ಆಗಲಿಲ್ಲ, ಇನ್ನೂ ನಾಲ್ಕು ಹಾಳೆ ಬಂದು ಬಿದ್ದವು.

ಅಜ್ಜಿಗೆ ಆಗ ಎಪ್ಪತ್ತೆಂಟು. ನನ್ನ ಮಗಳು ಡಚ್ ಮಕ್ಕಳ ಹಾಗೆ ಅಜ್ಜಿಗೆ ಓಮಾ ಅನ್ನುತ್ತಿದ್ದಳು, ನಾವೂ ಹಾಗೇ ಅಂದೆವು. ಟಿಲ್‌ಬರ್ಗ್ ಒಂದು ಕಾಲಕ್ಕೆ ಉಣ್ಣೆ ಗಿರಣಿಗಳ ಊರು. ಓಮಾ ಹದಿನೈದನೇ ವಯಸ್ಸಿಗೆ ಗಿರಣಿ ಸೇರಿ, ನೇಯ್ದ ಬಟ್ಟೆಯನ್ನು ಬೆಳಕಿಗೆ ಹಿಡಿದು ಅದರ ಗಂಟುಗಳನ್ನು ಚಿಮಟಿಗೆಯಿಂದ ಬಿಡಿಸುವ ಕೆಲಸ ಮಾಡಿದವರು. ಅವರ ಗಂಡ ತೀರಿಕೊಂಡು ಎರಡು ವರ್ಷವಾಗಿತ್ತು. ಆ ಮನುಷ್ಯನಿಗೆ ಒಂದೇ ಹುಚ್ಚು, ಅಮೆರಿಕದ ಅಂತರ್ಯುದ್ಧ. ಗುಲಾಮರನ್ನು ಇಟ್ಟುಕೊಳ್ಳುವ ಪದ್ಧತಿ ಎಲ್ಲಿ ಕೈತಪ್ಪುತ್ತದೋ ಎಂದು ದಕ್ಷಿಣದ ರಾಜ್ಯಗಳು ದೇಶದಿಂದ ಬೇರೆಯಾಗಿ ಉತ್ತರದವರ ಮೇಲೆ ಹೂಡಿದ ಯುದ್ಧ ಅದು. ಬೆರಳುದ್ದದ ಸೀಸದ ಸಿಪಾಯಿಗಳನ್ನು ತರಿಸಿ, ಉತ್ತರದವರಿಗೆ ನೀಲಿ, ದಕ್ಷಿಣದವರಿಗೆ ಬೂದು ಬಣ್ಣ ಬಳಿದು ಗಾಜಿನ ಬೀರುವಿನಲ್ಲಿ ನಿಲ್ಲಿಸಿದ್ದರಂತೆ. ಮೂವತ್ತು ವರ್ಷ ಅವುಗಳ ಧೂಳು ಒರೆಸಿದ ಓಮಾಗೆ, ಗಂಡ ಹೋದ ಮೇಲೆ, ಈ ಬೂದು ಬಣ್ಣದವರು ತಲೆಯಲ್ಲಿ ಏನಿಟ್ಟುಕೊಂಡಿದ್ದರು ಎಂದು ತಿಳಿಯಬೇಕು ಅನ್ನಿಸಿತು. ಹುಡುಕಿದಾಗ ಅಮೆರಿಕದ ದಕ್ಷಿಣದ ಒಂದು ಲೈಬ್ರರಿ ಸಿಕ್ಕಿತು. ಕಾನ್ಫೆಡರೇಟ್ ಪಡೆಯ, ಅಂದರೆ ಆ ದಕ್ಷಿಣದ ಸೈನ್ಯದ, ಒಬ್ಬ ಸಿಪಾಯಿಯ ಡೈರಿಗಳನ್ನು ಅದು ಪುಟಪುಟವಾಗಿ ಇಂಟರ್‌ನೆಟ್ಟಿನಲ್ಲಿ ಹಾಕಿ, ಯಾರಾದರೂ ಓದಿ ಟೈಪ್ ಮಾಡಿಕೊಡಿ ಎಂದು ಕೇಳಿತ್ತು. ಓಮಾ ಹೆಸರು ಕೊಟ್ಟುಬಿಟ್ಟರು. ಏಳು ಡೈರಿ. ನಾಲ್ಕು ಯುದ್ಧದವು, ಮೂರು ಯುದ್ಧ ಮುಗಿದ ಮೇಲಿನವು.

ಏಪ್ರಿಲ್‌ನಲ್ಲಿ ಬಿಸಿಲು ಬಂದ ಮೇಲೆ ಅಂಚೆಕಿಂಡಿ ಬಿಟ್ಟು ಕುರ್ಚಿ ಹಾಕಿಕೊಂಡೆವು. ಅವರ ಬಾಗಿಲ ಮುಂದೆ ಅವರು, ನಮ್ಮ ಬಾಗಿಲ ಮುಂದೆ ನಾನು. ನಮ್ಮವರು ಟೇಪು ಹಿಡಿದು ಒಂದೂವರೆ ಮೀಟರು ಅಳೆದು ನೆಲದ ಮೇಲೆ ಸೀಮೆಸುಣ್ಣದ ಗೆರೆ ಎಳೆದುಕೊಟ್ಟರು. ಹತ್ತೂವರೆಗೆ ಅವರದ್ದು ಅವರ ಕಾಫಿ, ನನ್ನದು ನನ್ನ ಚಹಾ. ನಾನು ಓದಿ ಹೇಳುವುದು, ಅವರು ತೊಡೆಯ ಮೇಲಿನ ಲ್ಯಾಪ್‌ಟಾಪಿನಲ್ಲಿ ಎರಡು ಬೆರಳಿನಿಂದ ಕುಟ್ಟುವುದು. ಒಂದು ದಿನ ಮಂಡಕ್ಕಿ ಒಗ್ಗರಣೆ ಹಾಕಿ ಮೆಣಸಿನಕಾಯಿ ಬಜ್ಜಿ ಮಾಡಿ ಗೆರೆಯ ಆಚೆ ಇಟ್ಟೆ. ಓಮಾ ಬಜ್ಜಿಯನ್ನು ಅನುಮಾನದಿಂದ ಕಚ್ಚಿದರು, ಕಣ್ಣಲ್ಲಿ ನೀರು ಬಂತು, ಉಳಿದ ಕಾಫಿಯನ್ನು ಒಂದೇ ಗುಟುಕಿಗೆ ಮುಗಿಸಿದರು. ಆಮೇಲೆ ಇನ್ನೊಂದು ತೆಗೆದುಕೊಂಡರು.

ಯುದ್ಧದ ಡೈರಿ ಅಂದರೆ ತೋಪು, ಕತ್ತಿ, ಕುದುರೆ ಎಂದುಕೊಂಡಿದ್ದೆ. ಇಪ್ಪತ್ತೆರಡು ವರ್ಷದ ಈ ಸಿಪಾಯಿ ಬರೆದದ್ದೆಲ್ಲ ಮಳೆ, ಕೆಸರು, ಹೇನು, ಬೂಟು. ಎಡಗಾಲಿನ ಬೂಟಿನ ಅಟ್ಟೆ ಕಿತ್ತುಹೋದ ಕಥೆಯೇ ಹನ್ನೊಂದು ಪುಟ. ರೊಟ್ಟಿಯಲ್ಲಿ ಹುಳ ಇದ್ದವು, ಬಡಿದು ಉದುರಿಸಿ ತಿಂದೆವು ಎಂದು ಒಂದು ಕಡೆ. ನದಿಯ ಆಚೆ ದಡದ ಶತ್ರುಗಳಿಗೆ ಗುಟ್ಟಾಗಿ ಹೊಗೆಸೊಪ್ಪು ಕೊಟ್ಟು ಕಾಫಿಪುಡಿ ತಂದದ್ದು ಇನ್ನೊಂದು ಕಡೆ. ನಿಜವಾದ ದೊಡ್ಡ ಕಾಳಗದ ದಿನ ಎರಡೇ ಸಾಲು: ಬೆಳಗಿನಿಂದ ಸಂಜೆವರೆಗೆ ಗದ್ದಲ, ನನ್ನ ಟೋಪಿ ಹೋಯಿತು. ಸ್ಪೆಲಿಂಗು ಕಿವಿಗೆ ಕೇಳಿದ ಹಾಗೆ. ಓಮಾ ತಿದ್ದಲು ಹೋದರೆ ನಾನು ತಡೆಯಬೇಕಾಗುತ್ತಿತ್ತು. ಇದ್ದದ್ದನ್ನು ಇದ್ದ ಹಾಗೇ ಬರೆಯಿರಿ ಎಂಬುದು ಲೈಬ್ರರಿಯ ಮೊದಲ ನಿಯಮ.

ಮೇ ತಿಂಗಳ ಒಂದು ಪುಟದಲ್ಲಿ ಅವನಿಗೆ ಮತ್ತೆ ಚಳಿಜ್ವರ. ಕ್ವಿನೈನ್ ಸಿಗುತ್ತಿಲ್ಲ, ಯಾವುದೋ ಮರದ ತೊಗಟೆ ಕುದಿಸಿ ಕೊಟ್ಟರು ಎಂದಿತ್ತು. ನಾವು ಅದನ್ನು ಓದುತ್ತಿದ್ದ ದಿನಗಳಲ್ಲೇ ಅಬ್ಬಾ ಫೋನು ಮಾಡಿ, ಜನ ಕೊರೋನಾಗೆ ಮಲೇರಿಯಾ ಮಾತ್ರೆ ಕೊಡಿ ಎಂದು ಕೌಂಟರಿಗೆ ಮುಗಿಬೀಳುತ್ತಿದ್ದಾರೆ, ಡಾಕ್ಟರ ಚೀಟಿ ಇಲ್ಲದೆ ಕೊಡುವುದಿಲ್ಲ ಎಂದು ಜಗಳವಾಡುತ್ತಿದ್ದೇನೆ ಎಂದಿದ್ದರು. ಊರೆಲ್ಲ ಬಾಗಿಲು ಹಾಕಿದ್ದರೂ ಮೆಡಿಕಲ್ ಶಾಪು ತೆರೆದಿರಲೇಬೇಕಲ್ಲ. ಅರವತ್ತೇಳು ವರ್ಷದ ಅವರು ದಿನಾ ಅಲ್ಲಿ ನಿಲ್ಲುತ್ತಾರೆಂದು ನನಗೆ ಹೆದರಿಕೆ. ಓಮಾಗೆ ಹೇಳಿದ ಮೇಲೆ, ಮರುದಿನದಿಂದ ಕೂತ ಕೂಡಲೇ ಅವರ ಮೊದಲ ಪ್ರಶ್ನೆ, ನಿನ್ನ ಅಪ್ಪ ಹೇಗಿದ್ದಾರೆ ಎಂದೇ ಆಯಿತು.

ಇಷ್ಟರಲ್ಲಿ ಓಮಾಗೆ ಆ ಸಿಪಾಯಿಯ ಮೇಲೆ ಪ್ರೀತಿ ಹುಟ್ಟಿತ್ತು. ಅವನಿಗೆ ಹಲ್ಲುನೋವು ಬಂದರೆ ಇವರ ಮುಖ ಸಣ್ಣಗಾಗುತ್ತಿತ್ತು. ನನಗೂ ಅವನ ಮಾತಿಗೆ ನಗು ಬರುತ್ತಿತ್ತು, ಸುಳ್ಳು ಯಾಕೆ. ಆದರೆ ಎರಡನೇ ಡೈರಿಯಲ್ಲಿ ಇನ್ನೊಬ್ಬ ಮನುಷ್ಯ ಕಾಣಿಸತೊಡಗಿದ. ಜ್ವರದಲ್ಲಿ ತೊಗಟೆ ಹುಡುಕಿ ತಂದು ಕುದಿಸಿದವನು ಅವನು. ಹುಳದ ರೊಟ್ಟಿ ಬಡಿದವನೂ ಅವನೇ. ಸಿಪಾಯಿಯ ಅಪ್ಪನ ಗುಲಾಮ. ಅಡುಗೆಗೆ, ಬಟ್ಟೆ ಒಗೆಯಲು ಮಗನ ಜೊತೆ ಯುದ್ಧಕ್ಕೆ ಕಳಿಸಿದ್ದರು. ಹೆಸರು ಅಂದರೆ ಒಂದೇ ಪದ, ಅದೂ ಕೆಲವೊಮ್ಮೆ. ಉಳಿದಂತೆ 'ನನ್ನ ಆಳು', ಇಲ್ಲವೇ ಕರಿಯರನ್ನು ಕರೆಯುವ ಆ ಹೊಲಸು ಪದ.

ಆ ಪದ ಮೊದಲ ಸಲ ಬಂದಾಗ ಓಮಾ ಟೈಪ್ ಮಾಡುವುದನ್ನು ನಿಲ್ಲಿಸಿದರು. ಇದರ ಬದಲು 'ಆಳು' ಅಂತಲೇ ಹಾಕೋಣ, ಪಾಪ, ಆ ಕಾಲದವನು, ಅವನಿಗೇನು ಗೊತ್ತು ಎಂದರು.

ನಾನು ಆಗದು ಎಂದೆ. "ಚೀಟಿಯಲ್ಲಿ ಏನು ಬರೆದಿದೆಯೋ ಅದನ್ನೇ ಕೊಡಬೇಕು, ಓಮಾ. ನಮಗೆ ಬೇಜಾರಾಗುತ್ತದೆ ಅಂತ ಔಷಧ ಬದಲಾಯಿಸೋ ಹಾಗಿಲ್ಲ. ಆಮೇಲೆ, ಅವನು ಪಾಪ ಅಂದರೆ, ಅಡುಗೆ ಮಾಡಿದವನು ಏನು?"

ನನ್ನ ಡಚ್ ಭಾಷೆಗೆ ಆಗ ಮೆತ್ತಗೆ ಮಾತಾಡಲು ಬರುತ್ತಿರಲಿಲ್ಲ, ಇದ್ದ ನಾಲ್ಕು ಪದಗಳು ಕಲ್ಲಿನ ಹಾಗೆ ಬೀಳುತ್ತಿದ್ದವು. ಓಮಾ ಲ್ಯಾಪ್‌ಟಾಪು ಮುಚ್ಚಿ, ಇವತ್ತಿಗೆ ಸಾಕು ಎಂದು ಒಳಗೆ ಹೋದರು. ಮರುದಿನ ಅವರ ಕುರ್ಚಿ ಹೊರಗೆ ಬರಲಿಲ್ಲ. ಅದರ ಮರುದಿನವೂ ಇಲ್ಲ. ನಮ್ಮವರು, ಸತ್ತು ನೂರೈವತ್ತು ವರ್ಷವಾದವನಿಗೋಸ್ಕರ ಇದ್ದ ಒಬ್ಬರೇ ನೆರೆಯವರನ್ನು ಕಳೆದುಕೊಂಡೆ ನೋಡು ಎಂದು ಛೇಡಿಸಿದರು. ನನಗೆ ನಗು ಬರಲಿಲ್ಲ.

ಐದನೇ ದಿನ ಬಾಗಿಲು ಬಡಿದ ಸದ್ದಾಯಿತು. ತೆಗೆದರೆ ಓಮಾ ಸೀಮೆಸುಣ್ಣದ ಗೆರೆಯ ಆಚೆ ನಿಂತಿದ್ದರು, ಕೈಯಲ್ಲಿ ಶಾಲೆ ಮಕ್ಕಳ ಗೀಟಿನ ನೋಟ್‌ಬುಕ್ಕು. ಅಷ್ಟು ದಿನವೂ ಒಬ್ಬರೇ ಕೂತು, ಮುಗಿಸಿದ್ದ ಪುಟಗಳನ್ನೆಲ್ಲ ಮೊದಲಿಂದ ಓದಿ, ಅಡುಗೆಯವನು ಬರುವ ಸಾಲುಗಳನ್ನಷ್ಟೇ ಅದರಲ್ಲಿ ಬರೆದುಕೊಂಡಿದ್ದರು.

"ಗಿರಣಿಯಲ್ಲಿ ಬಟ್ಟೆಯ ಅಂಚಿಗೆ ಮಾಲೀಕನ ಹೆಸರು ನೇಯುತ್ತಿದ್ದರು," ಎಂದರು. "ಗಂಟು ಬಿಡಿಸಿದ್ದು ನಾವು. ಅದನ್ನು ನಾನೇ ಮರೆತಿದ್ದೆ ನೋಡು. ಆ ಪದವನ್ನು ಇದ್ದ ಹಾಗೇ ಟೈಪ್ ಮಾಡಿದ್ದೇನೆ. ಇನ್ನು ಮೇಲೆ ಇವನದ್ದೂ ಒಂದು ಬರೆಯುತ್ತಾ ಹೋಗೋಣ."

ಅಲ್ಲಿಂದ ಡೈರಿ ಓದುವ ರೀತಿಯೇ ಬದಲಾಯಿತು. ಸಿಪಾಯಿ ಏನು ಬರೆದರೂ ನಮ್ಮ ಕಣ್ಣು ಅವನ ಬೆನ್ನ ಹಿಂದೆ. ಬೇಸಿಗೆಯಲ್ಲಿ ಅಡುಗೆಯವನು ಕಾಡುಬೆರ್ರಿ ಕುದಿಸಿ ಸಿಹಿ ಮಾಡಿದ. ಒಮ್ಮೆ ಹದಿನೆಂಟು ಮೈಲಿ ನಡೆದು ಹೋಗಿ ಬೇರೊಬ್ಬ ಮಾಲೀಕನ ತೋಟದಲ್ಲಿದ್ದ ಅಕ್ಕನನ್ನು ನೋಡಿ ಬಂದ. ಅವನಿಗೆ ಒಂದು ಕಬ್ಬಿಣದ ಬಾಣಲೆ ಇತ್ತು, ಅದನ್ನು ಬೇರೆಯವರು ಮುಟ್ಟುವ ಹಾಗಿರಲಿಲ್ಲ. ಸಿಪಾಯಿ ಒಂದು ಸಲ ಮುಟ್ಟಿ ಬೈಸಿಕೊಂಡದ್ದನ್ನು ತಾನೇ ಬರೆದುಕೊಂಡಿದ್ದಾನೆ. ಆ ಸಾಲು ಸಿಕ್ಕ ದಿನ ಓಮಾ ಅದನ್ನು ಎರಡು ಸಲ ಓದಿಸಿಕೊಂಡರು.

ಚಳಿಗಾಲ ಬಂತು, ಅಂಗಡಿಗಳು ಮತ್ತೆ ಮುಚ್ಚಿದವು. ಜನವರಿಯಲ್ಲಿ ಹೊಸ ನಿಯಮ: ಒಂದು ಮನೆಗೆ ದಿನಕ್ಕೆ ಒಬ್ಬರೇ ಅತಿಥಿ. ಓಮಾಗೆ ನ್ಯೂವೆಗೈನ್‌ನಲ್ಲಿ ಮಗ ಇದ್ದ, ಅವನಿಗೆ ಭಾನುವಾರ ಕೊಟ್ಟರು. ಮಿಕ್ಕ ಆರು ದಿನ ನಾನು. ಹೀಗೆ ಹತ್ತು ತಿಂಗಳ ಪರಿಚಯದ ಮೇಲೆ ಮೊದಲ ಸಲ ಅವರ ಮನೆಯ ಒಳಗೆ ಕಾಲಿಟ್ಟೆ. ಗಾಜಿನ ಬೀರುವಿನಲ್ಲಿ ನೀಲಿಯವರು, ಬೂದು ಬಣ್ಣದವರು, ತೋಪು, ಕುದುರೆ, ಡೇರೆ, ಎಲ್ಲ ಇದ್ದವು. ಒಲೆ ಇರಲಿಲ್ಲ. ಇಷ್ಟು ಜನಕ್ಕೆ ಊಟ ಯಾರು ಹಾಕುತ್ತಿದ್ದರು ಅಂತ ನನ್ನ ಗಂಡನಿಗೆ ಒಂದು ದಿನವೂ ಅನ್ನಿಸಲಿಲ್ಲ ಎಂದು ಓಮಾ ಹೇಳಿದರು. ಆಮೇಲೆ ಗಂಡನ ಕುಂಚಗಳನ್ನು ಹುಡುಕಿ ತೆಗೆದು, ಬಂದೂಕು ಮುರಿದಿದ್ದ ಒಬ್ಬ ಸಿಪಾಯಿಗೆ ಹೊಸ ಬಣ್ಣ ಬಳಿದು, ಜೇಡಿಮಣ್ಣಿನ ಪಾತ್ರೆಯೊಂದನ್ನು ಮಾಡಿ ಅವನ ಕೈಗಂಟಿಸಿದರು. ಪಾತ್ರೆ ಥೇಟ್ ಫುಟ್‌ಬಾಲಿನ ಹಾಗಿತ್ತು. ಗೋಲು ಹೊಡೆಯಲು ಹೊರಟವನ ಹಾಗೆ ಅವನು ಸೈನ್ಯದ ಮಧ್ಯೆ ನಿಂತಿದ್ದನ್ನು ನೋಡಿ ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕೆವು.

ಐದನೇ ಡೈರಿ ಶುರುವಾಗುವಾಗ ಯುದ್ಧ ಮುಗಿದಿತ್ತು. ದಕ್ಷಿಣದವರು ಸೋತಿದ್ದರು, ಗುಲಾಮರೆಲ್ಲ ಬಿಡುಗಡೆಯಾಗಿದ್ದರು. ಸಿಪಾಯಿ ಮತ್ತು ಅಡುಗೆಯವ ಇಪ್ಪತ್ತಮೂರು ದಿನ ನಡೆದು ಊರು ಮುಟ್ಟಿದರು. ಬೇಲಿಗಳೆಲ್ಲ ಸುಟ್ಟುಹೋಗಿದ್ದವು, ಹೇಸರಗತ್ತೆ ಒಂದೂ ಇರಲಿಲ್ಲ. ಅಡುಗೆಯವ ಮಾತ್ರ ಇನ್ನೂ ಅವರ ಮನೆಯಲ್ಲೇ ಇದ್ದ, ಯಾಕೋ. ಇದು ನಮಗಿಬ್ಬರಿಗೂ ಒಳಗೊಳಗೇ ಕೊರೆಯುತ್ತಿತ್ತು. ಫೆಬ್ರುವರಿಯಲ್ಲಿ ಹಿಮ ಬಿದ್ದು ಇಡೀ ಊರು ಬೆಳ್ಳಗಾಗಿದ್ದ ವಾರ, ನಾನು ಮಗಳಿಗೆ ತಿಂಡಿ ಕೊಡುತ್ತಿದ್ದೆ, ಬಾಗಿಲ ಗಂಟೆ ಬಿಡದೆ ಹೊಡೆದುಕೊಂಡಿತು. ಓಮಾ ಚಪ್ಪಲಿಯಲ್ಲೇ ಮೊಗಸಾಲೆಯ ಹಿಮದಲ್ಲಿ ನಿಂತಿದ್ದರು.

"ಹೋದ!" ಎಂದರು. "ಹೋಗೇಬಿಟ್ಟ. ನಾನೇ ಓದಿದೆ, ನೀನೊಮ್ಮೆ ಬಂದು ನೋಡು."

ಓಡಿಹೋಗಿ ನೋಡಿದೆ. ಮೂರೇ ಸಾಲು. ಬೆಳಿಗ್ಗೆ ಎದ್ದಾಗ ಒಲೆ ತಣ್ಣಗಿತ್ತು, ಅವನು ಯಾರಿಗೂ ಹೇಳದೆ ಹೋಗಿದ್ದಾನೆ, ಬಾಣಲೆ ಬಿಟ್ಟು ಬೇರೇನೂ ಒಯ್ದಿಲ್ಲ. ಓಮಾ ಓದಿದ್ದರಲ್ಲಿ ಒಂದಕ್ಷರ ತಪ್ಪಿರಲಿಲ್ಲ. ನಾವಿಬ್ಬರೂ ಒಬ್ಬರ ಕೈ ಒಬ್ಬರು ಹಿಡಿದುಕೊಂಡಿದ್ದೆವು, ಒಂದೂವರೆ ಮೀಟರು ನೆನಪಿಗೆ ಬಂದದ್ದು ಆಮೇಲೆ. ನಮ್ಮವರು ಮೀಟಿಂಗಿನಲ್ಲಿದ್ದವರು ಮೈಕು ಮುಚ್ಚಿ ಬಂದು, ಯಾರು ಹೋದರು, ಏನಾಯಿತು ಎಂದು ಗಾಬರಿಯಿಂದ ಕೇಳಿದರು. ಆ ದಿನಗಳಲ್ಲಿ ಯಾರಾದರೂ ಹೋದರು ಅಂದರೆ ಅರ್ಥ ಒಂದೇ ಇತ್ತಲ್ಲ. ಸಂಗತಿ ತಿಳಿದ ಮೇಲೆ ಅವರೇ ಹೋಗಿ ಸೇಬಿನ ಕೇಕು ತಂದರು.

ಅಡುಗೆಯವನಿಲ್ಲದ ಡೈರಿ ಸ್ವಲ್ಪ ದಿನ ಸಪ್ಪೆ ಎನ್ನಿಸಿತು. ಸಿಪಾಯಿ ಒಲೆ ಹಚ್ಚಲು ಕಲಿತ. ಹುರುಳಿ ಬೇಯಿಸಲು ಹೋಗಿ ಸೀಯಿಸಿದ, ಮತ್ತೆ ಸೀಯಿಸಿದ, ನಾಲ್ಕನೇ ಸಲ ತಿನ್ನುವಂತಾಯಿತು ಎಂದು ಬರೆದ. ಮದುವೆಯಾದ, ಕೋಳಿ ಸಾಕಿದ. ಆರನೇ ಡೈರಿಯ ನಡುವೆ, ಅಂದರೆ ಮೂರು ವರ್ಷ ಕಳೆದ ಮೇಲೆ, ಅವನು ಪೇಟೆಗೆ ಹೋಗುವಾಗ ನದಿ ದಾಟಬೇಕಾಯಿತು. ದೋಣಿ ನಡೆಸುತ್ತಿದ್ದವನು ನಮ್ಮ ಅಡುಗೆಯವ. ದೋಣಿ ಅವನದ್ದೇ. ದಡದ ಹಲಗೆಯ ಮೇಲೆ ಬಣ್ಣದಲ್ಲಿ ಬರೆದಿದ್ದ ಹೆಸರನ್ನು ಸಿಪಾಯಿ ಹಾಗೇ ನಕಲು ಮಾಡಿದ್ದ. ಎರಡು ಪದದ ಹೆಸರು. ಹಿಂದೆ ಒಂದೇ ಪದವಿದ್ದವನು ಮನೆತನದ ಹೆಸರೊಂದನ್ನು ತಾನೇ ಆರಿಸಿ ಇಟ್ಟುಕೊಂಡಿದ್ದ. ಸಿಪಾಯಿಯ ತಾಯಿಯ ಆರೋಗ್ಯ ವಿಚಾರಿಸಿದ, ಆದರೆ ಮೊದಲಿನ ಹಾಗೆ ಟೋಪಿ ತೆಗೆದು ನಿಲ್ಲಲಿಲ್ಲ ಎಂದಿತ್ತು.

ಅದರ ಕೆಳಗೆ ಒಂದು ಸಾಲು ಬರೆದು, ದಪ್ಪನೆಯ ಶಾಯಿಯಿಂದ ಗೀಚಿ ಗೀಚಿ ಹೊಡೆದುಹಾಕಿದ್ದ. ನಾಲ್ಕು ದಿನ ಅದರ ಮೇಲೆ ಕೂತೆವು. ಪರದೆಯ ಮೇಲೆ ದೊಡ್ಡದು ಮಾಡಿದೆವು, ಕಪ್ಪು ಬಿಳುಪನ್ನು ಅದಲುಬದಲು ಮಾಡಿದೆವು. 'ನಾನು ಅವನಿಗೆ' ಎಂಬುದರ ಆಚೆ ಏನೂ ಹತ್ತಲಿಲ್ಲ. ಕ್ಷಮೆ ಕೇಳಬೇಕೆಂದಿದ್ದೆ ಅಂತಿರಬೇಕು, ಹಾಗೇ ಹಾಕೋಣ ಎಂದರು ಓಮಾ. ಬೈಯಬೇಕೆಂದಿದ್ದೆ ಅಂತಲೂ ಇರಬಹುದಲ್ಲ ಎಂದೆ ನಾನು. ಓದಲಾಗದ ಚೀಟಿಗೆ ಊಹೆಯಿಂದ ಔಷಧ ಕೊಡಬಾರದು, ಡಾಕ್ಟರಿಗೆ ಫೋನು ಮಾಡಬೇಕು ಎಂದು ಅಬ್ಬಾ ಕಲಿಸಿದ್ದರು. ಇಲ್ಲಿ ಫೋನು ಮಾಡಲು ಯಾರಿದ್ದಾರೆ? 'ಓದಲಾಗುತ್ತಿಲ್ಲ' ಎಂದು ಬರೆದು ಮುಂದೆ ಹೋದೆವು. ಓಮಾಗೆ ಇವತ್ತಿಗೂ ಅದು ಸಮಾಧಾನವಿಲ್ಲ.

ಏಪ್ರಿಲ್‌ನಲ್ಲಿ ಏಳನೇ ಡೈರಿಯ ಕೊನೆಯ ಪುಟ ಕಳಿಸಿದೆವು. ಅದರ ಜೊತೆಗೆ ಅಡುಗೆಯವನ ನೋಟ್‌ಬುಕ್ಕನ್ನೂ ಟೈಪ್ ಮಾಡಿ, ಯಾವ ಸಾಲು ಯಾವ ಪುಟದ್ದು ಎಂದು ಹಾಕಿ, ಇದು ನೀವು ಕೇಳಿದ್ದಲ್ಲ, ಆದರೂ ಇಟ್ಟುಕೊಳ್ಳಿ ಎಂದು ಓಮಾ ಬರೆದರು. ಎರಡು ವಾರಕ್ಕೆ ಲೈಬ್ರರಿಯ ಒಬ್ಬ ಹೆಂಗಸಿನಿಂದ ಉತ್ತರ ಬಂತು. ಇಷ್ಟು ವರ್ಷ ಆ ಡೈರಿಗಳು ಸಿಪಾಯಿಯ ಹೆಸರು ಹಾಕಿ ಹುಡುಕಿದರೆ ಮಾತ್ರ ಸಿಗುತ್ತಿದ್ದವು, ಇನ್ನು ಮೇಲೆ ದೋಣಿಯವನ ಎರಡು ಪದದ ಹೆಸರು ಹಾಕಿದರೂ ಸಿಗುತ್ತವೆ, ನಿಮ್ಮ ಪಟ್ಟಿಯನ್ನೂ ಅಲ್ಲೇ ಸೇರಿಸಿದ್ದೇವೆ ಎಂದು ಆಕೆ ಬರೆದಿದ್ದರು. ಓಮಾ ಕೂಡಲೇ ಹೆಸರು ಹಾಕಿ ಹುಡುಕಿದರು. ಬಂತು. ಸುಳ್ಳಿರಬಹುದು ಎಂಬಂತೆ ನನ್ನ ಫೋನಿನಲ್ಲೂ ಹುಡುಕಿಸಿದರು. ಅಲ್ಲೂ ಬಂತು.

ಮೇ ತಿಂಗಳಲ್ಲಿ ರಂಜಾನ್ ಹಬ್ಬ. ಓಮಾಗೆ ಅಷ್ಟರಲ್ಲಿ ಎರಡೂ ಲಸಿಕೆ ಆಗಿತ್ತು, ಮನೆಗೆ ಇಬ್ಬರು ಅತಿಥಿಗಳು ಬರಬಹುದು ಎಂದು ನಿಯಮವೂ ಸಡಿಲಾಗಿತ್ತು. ಮಧ್ಯಾಹ್ನದ ಊಟಕ್ಕೆ ಕರೆದೆ. ನೀಲಿ ಉಣ್ಣೆಯ ಕೋಟು ಹಾಕಿಕೊಂಡು, ಗಿರಣಿಯಲ್ಲಿ ತಮ್ಮ ಕೈಯಿಂದಲೇ ಹಾದುಹೋದ ಬಟ್ಟೆ ಎಂದು ಹೇಳಿಕೊಂಡು ಬಂದರು. ಬಿರಿಯಾನಿ ಆದ ಮೇಲೆ ಹಾಲು ಶಾವಿಗೆಯ ಸುರಕುಂಬಾ ಎರಡು ಬಟ್ಟಲು ಕುಡಿದರು. ಆಗಲೇ ದಾವಣಗೆರೆಯಿಂದ ಅಮ್ಮಿಯ ವಿಡಿಯೋ ಕಾಲು. ಅಬ್ಬಾ ಚೆನ್ನಾಗಿದ್ದಾರೆ, ಹಬ್ಬದ ದಿನವೂ ಅಂಗಡಿಯಲ್ಲೇ. ಇವರಿಗೆ ಡಚ್, ಅವರಿಗೆ ದಖ್ಖನಿ ಮತ್ತು ಕನ್ನಡ. ನಾನು ಮಧ್ಯೆ ಕೂತು ತರ್ಜುಮೆ ಮಾಡಲು ಸಿದ್ಧಳಾದೆ. ಓಮಾ ಮೊಣಕಾಲು ಮುಟ್ಟಿ ತೋರಿಸಿ ತಲೆಯಾಡಿಸಿದರು. ಅಮ್ಮಿ ಆ ಕಡೆಯಿಂದ ತಮ್ಮ ಮೊಣಕಾಲು ತೋರಿಸಿ, "ನನ್ನದೂ ಅದೇ ಗೋಳು, ಮೆಟ್ಟಿಲು ಹತ್ತೋಕೇ ಆಗಲ್ಲ," ಎಂದರು. ಓಮಾ, ಹೌದು ಹೌದು, ಇಳಿಯುವುದು ಇನ್ನೂ ಕಷ್ಟ ಎಂದು ಡಚ್‌ನಲ್ಲೇ ಉತ್ತರ ಕೊಟ್ಟರು. ಅರ್ಧ ಗಂಟೆ ಹೀಗೇ ನಡೆಯಿತು. ನಾನು ಎದ್ದು ಹೋಗಿ ಪಾತ್ರೆ ತೊಳೆದು ಬಂದೆ, ಇಬ್ಬರೂ ಇನ್ನೂ ಮಾತಾಡುತ್ತಲೇ ಇದ್ದರು.